ಕರಬಸಪ್ಪನ ಎಣ್ಣಿ

ಹಿರೇಕೆರೂರಿನ ಆ ಹತ್ತಿ ಕಂಪನಿಯ ಡ್ರೈವರುಗಳಿಗೆ ಪೊಲೀಸರ ಹೆದರಿಕೆ ಇರಲಿಲ್ಲ, ಸಾಹುಕಾರರ ಹೆದರಿಕೆಯೂ ಅಷ್ಟಕ್ಕಷ್ಟೇ. ಅವರು ಹೆದರುತ್ತಿದ್ದದ್ದು ಕರಬಸಪ್ಪನ ಕೋಲಿಗೆ. ಕೋಲು ಅಂದರೆ ಬೆನ್ನಿಗೆ ಬೀಳುವ ಕೋಲಲ್ಲ. ಸಣ್ಣಗೆ ಕೆತ್ತಿ, ಮೈತುಂಬ ಗೆರೆ ಕೊರೆದ ಬಿದಿರಿನ ಕೋಲು. ಲಾರಿ ಗೇಟು ದಾಟುವ ಮೊದಲು ಅದು ಡೀಸೆಲ್ ಟ್ಯಾಂಕಿನೊಳಗೆ ಇಳಿಯುತ್ತಿತ್ತು, ಲಾರಿ ತಿರುಗಿ ಬಂದ ಮೇಲೆ ಮತ್ತೆ ಇಳಿಯುತ್ತಿತ್ತು. ಎಣ್ಣೆಯ ತೇವ ಯಾವ ಗೆರೆಯ ತನಕ ಹತ್ತಿದೆ ಎಂದು ನೋಡಿ, ಆಮೇಲೆ ಕರಬಸಪ್ಪ ಡ್ರೈವರನ ಮುಖ ನೋಡುತ್ತಿದ್ದ. ಆ ನೋಟಕ್ಕೇ ಎಷ್ಟೋ ಮಂದಿ ತಾವಾಗಿಯೇ ಬಾಯಿಬಿಡುತ್ತಿದ್ದರು.

ಕೋಲು ಸುಮ್ಮನೆ ಹುಟ್ಟಿದ್ದಲ್ಲ. ಎಂಬತ್ತರ ಸುಮಾರಿಗೆ ಡೀಸೆಲ್ ದರ ಮೇಲೇರಿದಾಗ ಡ್ರೈವರುಗಳ ತಲೆಯೂ ಚುರುಕಾಯಿತು. ಕಂಪನಿ ಅವರ ಕೈಗೆ ರೊಕ್ಕ ಕೊಡುತ್ತಿರಲಿಲ್ಲ. ಇಷ್ಟು ಲೀಟರು ಎಂದು ಬರೆದು ಸಹಿ ಮಾಡಿದ ಚೀಟಿ ಕೊಡುತ್ತಿತ್ತು. ಹೆದ್ದಾರಿಯ ಬಂಕಿನವರು ಚೀಟಿ ಇಟ್ಟುಕೊಂಡು ಎಣ್ಣೆ ಹಾಕಿ, ತಿಂಗಳ ಕೊನೆಗೆ ಕಂಪನಿಯಿಂದ ಹಣ ಪಡೆಯುತ್ತಿದ್ದರು. ಕೇಳಲು ಎಷ್ಟು ಚೆಂದದ ಏರ್ಪಾಡು! ಆದರೆ ಒಬ್ಬ ಚೀಟಿ ಪೂರ್ತಿ ಕೊಟ್ಟು ಎಣ್ಣೆ ಅರ್ಧ ಹಾಕಿಸಿ, ಉಳಿದರ್ಧದ ರೊಕ್ಕವನ್ನು ಬಂಕಿನ ಹುಡುಗನ ಜೊತೆ ಹಂಚಿಕೊಂಡ. ಇನ್ನೊಬ್ಬ ಟ್ಯಾಂಕು ತುಂಬಿಸಿ, ದಾರಿಯಲ್ಲಿ ರಬ್ಬರ್ ನಳಿಕೆ ಇಳಿಬಿಟ್ಟು, ಬಾಯಿಂದ ಜಗ್ಗಿ ಡಬ್ಬಿಗೆ ಹರಿಸಿದ. ಮತ್ತೊಬ್ಬನಂತೂ ಲಾರಿಯನ್ನು ಮರದ ನೆರಳಿಗೆ ನಿಲ್ಲಿಸಿ ಇಡೀ ದಿನ ನಿದ್ದೆ ಹೊಡೆದು, ಹುಬ್ಬಳ್ಳಿಗೆ ಹೋಗಿ ಬಂದೆ ಎಂದು ಕಣ್ಣುಜ್ಜುತ್ತ ಬಂದ. ಎಲ್ಲರೂ ಸೇರಿ ಕಂಪನಿಗೆ ಟೋಪಿ ಹಾಕುತ್ತಿದ್ದಾಗ ಸಾಹುಕಾರರು ಲಾರಿಗಳ ಉಸ್ತುವಾರಿಯನ್ನು ಕರಬಸಪ್ಪನಿಗೆ ಒಪ್ಪಿಸಿದರು. ಚೀಟಿಗೆ ಸಹಿ ಅವನದು, ಅಳತೆ ಅವನದು, ತಪ್ಪಿದವನನ್ನು ಮನೆಗೆ ಕಳಿಸುವ ಮಾತೂ ಅವನದೇ.

ಕರಬಸಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಅವನಿಗೆ ಹೊಲ ಇರಲಿಲ್ಲ, ಇದ್ದ ಮನೆ ಮಳೆಗಾಲದಲ್ಲಿ ಸೋರುತ್ತಿತ್ತು. ಆದರೆ ಪೇಟೆಯಲ್ಲಿ ನಡೆದು ಹೋದರೆ ಕಿರಾಣಿ ಅಂಗಡಿಯವನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ. ಆ ನಮಸ್ಕಾರವೇ ಅವನ ಆಸ್ತಿ. ಮಗಳು ಅನ್ನವ್ವನನ್ನು ಚಿಕ್ಕಂದಿನಲ್ಲಿ ಸೈಕಲ್ ಮುಂದೆ ಕೂರಿಸಿಕೊಂಡು ಹೋಗುವಾಗ ಆ ನಮಸ್ಕಾರಗಳನ್ನು ಆಕೆ ನೋಡಲಿ ಎಂದೇ ಅವನು ಪೇಟೆಯ ಬೀದಿ ಹಿಡಿಯುತ್ತಿದ್ದ. ಒಬ್ಬಳೇ ಮಗಳು. ಇಡೀ ಊರು ತನ್ನನ್ನು ನಂಬದೆ ಹೋದರೂ ಅವನು ಹೇಗೋ ತಡೆದುಕೊಂಡಾನು, ಅನ್ನವ್ವ ನಂಬದಿದ್ದರೆ ತಡೆದುಕೊಳ್ಳುವ ಮನುಷ್ಯನಲ್ಲ ಅವನು.

ಚೌಡಪ್ಪ ಅದೇ ಕಂಪನಿಯ ಡ್ರೈವರ್. ಬಂಕಾಪುರದವನು, ಮನೆ ಹೆದ್ದಾರಿಯ ಮಗ್ಗುಲಲ್ಲೇ. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಹುಬ್ಬಳ್ಳಿಗೆ ಹೋಗುವಾಗ ಮಧ್ಯಾಹ್ನ ಮನೆಯಲ್ಲಿ ಉಂಡು ಹೋಗುತ್ತಿದ್ದ. ಮಾತು ಬೆಲ್ಲ, ಮುಖದ ಮೇಲೆ ಸದಾ ನಗು, ಹಣೆಯ ಮೇಲೆ ವಿಭೂತಿ. ಅವನ ಮಗ ಗುತ್ತೆಪ್ಪ ಬಾವಿಗಳ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದ. ಕೋಲಿನ ಕಾರುಬಾರು ಶುರುವಾಗಿ ಎಲ್ಲರೂ ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದಾಗ, ಒಂದು ದಿನ ಚೌಡಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಕರಬಸಪ್ಪನ ಮನೆಗೇ ಬಂದ.

“ನಿಮ್ಮ ಮಗಳನ್ನ ನಮ್ಮ ಮನಿಗೆ ಕೊಡ್ರಿ. ಬಂಗಾರ ಬ್ಯಾಡ, ರೊಕ್ಕ ಬ್ಯಾಡ. ಕರಬಸಪ್ಪನವರ ಬೀಗ ಅನ್ನಿಸಿಗೊಂಡ್ರ ಸಾಕ್ರಿ ನನಗ,” ಎಂದ.

ಕರಬಸಪ್ಪನ ಎದೆ ಉಬ್ಬಿತು. ಹೆಂಡತಿ ಶಾರವ್ವ ಒಳಗಿನಿಂದಲೇ ಕಣ್ಣೊರೆಸಿಕೊಂಡಳು. ಏನೂ ಬೇಡ ಎನ್ನುವ ಬೀಗರು ಯಾರಿಗೆ ಸಿಗುತ್ತಾರೆ! ಸಕ್ಕರೆ ಹಂಚಿ, ವೀಳ್ಯ ಬದಲಿಸಿ, ಬೇಸಿಗೆ ಮುಗಿಯುವುದರೊಳಗೆ ಅನ್ನವ್ವನನ್ನು ಗುತ್ತೆಪ್ಪನಿಗೆ ಕೊಟ್ಟು ಬಂಕಾಪುರಕ್ಕೆ ಕಳಿಸಿಕೊಟ್ಟರು.

ಈಗ ಬೀಗತನ ಎಂದರೆ ನಮ್ಮ ಕಡೆ ಏನು ಅನ್ನುವುದನ್ನು ಹೇಳಬೇಕು. ಬೀಗ ಬಂದರೆ ಹಾಸಿಗೆಯಲ್ಲಿದ್ದ ಮುದುಕನೂ ಎದ್ದು ಕೂರಬೇಕು. ಬೀಗನನ್ನು ಏಕವಚನದಲ್ಲಿ ಕರೆಯುವಂತಿಲ್ಲ. ಬೀಗ ಉಣ್ಣುವಾಗ ಅವನ ತಾಟಿನ ರೊಟ್ಟಿ ಎಣಿಸುವಂತಿಲ್ಲ, ಬೀಗ ತಂದ ಗಂಟನ್ನು ಅವನೆದುರು ಬಿಚ್ಚಿ ನೋಡುವಂತಿಲ್ಲ. ಎಂಥ ಜಿಪುಣನೂ ಬೀಗನ ಎದುರು ಅಳತೆಯ ಸೇರನ್ನು ಮುಚ್ಚಿಡುತ್ತಾನೆ. ಮದುವೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಬೆಳಗ್ಗೆ ಕರಬಸಪ್ಪ ಕೋಲು ಹಿಡಿದು ಸಾಲಾಗಿ ಲಾರಿಗಳನ್ನು ಅಳೆಯುತ್ತ ಬಂದ. ಚೌಡಪ್ಪನ ಲಾರಿಯ ಹತ್ತಿರ ಬಂದಾಗ ಕಾಲು ತಾನಾಗಿಯೇ ನಿಂತಿತು.

ಚೌಡಪ್ಪ ನಗುತ್ತ ಕೆಳಗಿಳಿದ. ತಾನೇ ಟ್ಯಾಂಕಿನ ಮುಚ್ಚಳ ತಿರುವಿ ತೆಗೆದ. ಎಲ್ಲರಿಗೂ ಕೇಳುವಂತೆ, “ಹಾಕ್ರಿ ಬೀಗರ, ಹಾಕ್ರಿ. ನಾಚಿಕಿ ಮಾಡಬ್ಯಾಡ್ರಿ. ಕಂಪನಿ ಕೆಲಸ ಬ್ಯಾರೆ, ಬೀಗತನ ಬ್ಯಾರೆ,” ಎಂದ.

ಹಾಗೆನ್ನದೆ ಸುಮ್ಮನಿದ್ದಿದ್ದರೆ ಕರಬಸಪ್ಪ ಕೋಲು ಹಾಕುತ್ತಿದ್ದನೋ ಏನೋ. ತಾನೇ ಮುಚ್ಚಳ ತೆಗೆದು, ಪಟಗ ಸರಿಮಾಡಿಕೊಂಡು, ಕೈಕಟ್ಟಿ ನಿಂತ ಬೀಗನ ಎದುರು ಅವನು ಕೋಲನ್ನು ಬೆನ್ನ ಹಿಂದೆ ಸರಿಸಿದ. ಸುತ್ತ ನಿಂತ ಡ್ರೈವರುಗಳೂ ತಲೆ ತಗ್ಗಿಸಿದರು. ಮೆಕ್ಯಾನಿಕ್ ಮಲ್ಲಿಕಸಾಬ, ಕರಬಸಪ್ಪನಿಗಿಂತ ಹಿರಿಯ, ಮೆಲ್ಲಗೆ ಅಂದ: “ಬ್ಯಾಡ ಬಿಡ್ರಿ ಮೇಸ್ತ್ರಿ. ಬೀಗರ ಲಾರಿಗೆ ಕೋಲ್ ಹಾಕೂದು ಚೆಂದ ಕಾಣಂಗಿಲ್ಲ.”

ಕರಬಸಪ್ಪ ಮುಚ್ಚಳ ಹಾಕಿ, ಮುಂದಿನ ಲಾರಿಗೆ ಹೋದ. ಅಂದಿನಿಂದ ಆ ಒಂದು ಟ್ಯಾಂಕಿಗೆ ಕೋಲು ಇಳಿಯಲಿಲ್ಲ. ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಅಂದಿದ್ದರೆ ಅವರನ್ನೇ ಜನ ರೀತಿ ರಿವಾಜು ಗೊತ್ತಿಲ್ಲದವರು ಎನ್ನುತ್ತಿದ್ದರು.

ಕೆಲವು ತಿಂಗಳಲ್ಲಿ ಚೌಡಪ್ಪನ ಲಾರಿ ವಿಪರೀತ ಎಣ್ಣೆ ಕುಡಿಯತೊಡಗಿತು. “ಇಂಜಿನ್ ಮುದುಕಾತ್ರಿ ಬೀಗರ, ನನ್ನಂಗ,” ಎಂದು ಅವನು ನಗುತ್ತಿದ್ದ. ಕರಬಸಪ್ಪ ಹೆಚ್ಚಿನ ಚೀಟಿಗೆ ಸಹಿ ಹಾಕಿ ಕೊಟ್ಟ. ಸಾಲದ್ದಕ್ಕೆ ಮಲ್ಲಿಕಸಾಬನಿಂದ ಇಂಜಿನ್ ಬಿಚ್ಚಿಸಿದ. ಮಲ್ಲಿಕಸಾಬ ಬಿಚ್ಚಿದ, ಒರೆಸಿದ, ಮತ್ತೆ ಜೋಡಿಸಿದ, ಏನೂ ಕೆಟ್ಟಿಲ್ಲ ಎಂದ. ಏನೂ ಕೆಡದ ಇಂಜಿನ್ ಯಾಕೆ ಇಷ್ಟು ಕುಡಿಯುತ್ತದೆ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಬುದ್ಧಿವಂತನ ಕಣ್ಣಿಗೆ ಬೀಗತನದ ಪೊರೆ ಬಂದರೆ ಅವನು ಕುರುಡನಿಗಿಂತ ಕಡೆ.

ಸಾಹುಕಾರರು ಮಾತ್ರ ಸುಮ್ಮನಿರಲಿಲ್ಲ. “ಎಣ್ಣಿ ಎಲ್ಲೋ ಸೋರಾಕತ್ತೈತಿ ಕರಬಸಪ್ಪ. ಹುಡುಕು,” ಎಂದರು. ಕರಬಸಪ್ಪನಿಗೆ ಅವಮಾನವಾಯಿತು. ತನ್ನ ಕಾವಲಿನಲ್ಲಿ ಕಳವು! ಎಲ್ಲರ ಮೇಲೂ ಬಿಗಿ ಮಾಡಿದ. ಕೊನೆಗೆ ಶಹಾಬುದ್ದೀನ ಎಂಬ ಹಳೆಯ ಡ್ರೈವರನ ಟ್ಯಾಂಕಿನಲ್ಲಿ ಕೋಲು ಒಂದು ಗೆರೆ ಕಡಿಮೆ ತೋರಿಸಿತು. ಹಾನಗಲ್ ದಾರಿಯಲ್ಲಿ ಕೆಸರಿಗೆ ಸಿಕ್ಕಿ ಲಾರಿ ಹೊತ್ತುಗಟ್ಟಲೆ ಗುರುಗುಟ್ಟಿತ್ತು ಎಂದು ಶಹಾಬುದ್ದೀನ ಹೇಳಿದ. ಕರಬಸಪ್ಪ ಕೇಳಲಿಲ್ಲ. ಅವನನ್ನು ಕೆಲಸದಿಂದ ತೆಗೆದ.

ಶಹಾಬುದ್ದೀನ ಜಗಳ ಆಡಲಿಲ್ಲ. ಹಾಸಿಗೆ ಸುರುಳಿ ಹೆಗಲಿಗೆ ಹಾಕಿಕೊಂಡು, “ಹೊಕ್ಕೇನ್ರಿ ಮೇಸ್ತ್ರಿ. ಆದ್ರ ಕೋಲ್ ಹಾಕಿದ್ರ ಎಲ್ಲಾ ಲಾರಿಗೂ ಹಾಕ್ರಿ,” ಎಂದಷ್ಟೇ ಹೇಳಿ ಗೇಟು ದಾಟಿದ. ಸುಡುಗಾಡು ಮಾತು ಎಂದುಕೊಂಡ ಕರಬಸಪ್ಪ. ಕಳ್ಳನೇ ನನಗೆ ಬುದ್ಧಿ ಹೇಳುತ್ತಾನಲ್ಲ ಎಂದು ಉರಿದುಕೊಂಡ.

ಮರುವರ್ಷ ಬಿಸಿಲಿನ ದಿನಗಳಲ್ಲಿ ಬಸುರಿ ಅನ್ನವ್ವನಿಗೆ ಏಳು ತಿಂಗಳು ತುಂಬಿತು. ಸೀಮಂತದ ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಶುಕ್ರವಾರ ಬರುತ್ತೇನೆಂದು ಹೇಳಿ ಕಳಿಸಿದ್ದ ಕರಬಸಪ್ಪ ಮಗಳನ್ನು ನೋಡುವ ತವಕ ತಡೆಯಲಾಗದೆ ಗುರುವಾರವೇ ಹೊರಟ. ಹಾವೇರಿಯಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿ ಆ ಸುತ್ತಿನ ರೈತನೊಬ್ಬ ಬಂದು ಕೂತ. ಕಾಲ ಸಂದಿಯಲ್ಲಿ ಖಾಲಿ ಡಬ್ಬಿ.

“ಎಲ್ಲಿಗ್ರಿ?” ಎಂದು ಕರಬಸಪ್ಪ ಮಾತಿಗೆಳೆದ.

“ಬಂಕಾಪುರಕ್ಕ ರೀ. ಬಾವಿ ಇಂಜಿನ್ನಿಗೆ ಎಣ್ಣಿ ಬೇಕಾಗೇತಿ. ಮೆಣಸಿನಗಿಡ ಬಾಡಾಕತ್ತಾವು.”

“ಅಷ್ಟ ದೂರ ಯಾಕ್ರಿ? ಹಾವೇರ್ಯಾಗ ಬಂಕ್ ಇಲ್ಲೇನು?”

ರೈತ ಈ ಮನುಷ್ಯನಿಗೆ ಏನೂ ತಿಳಿಯದು ಎಂಬಂತೆ ನಕ್ಕ. “ಬಂಕಿನ ರೇಟಿಗೆ ಯಾರ್ ತಗೊಂತಾರ್ರಿ? ಬಂಕಾಪುರದಾಗ ಕರಬಸಪ್ಪನ ಎಣ್ಣಿ ಸಿಗತೈತಿ. ಅಗ್ಗ. ಮತ್ತ ಚಿಮಣಿ ಎಣ್ಣಿ ಬೆರಸಿರಂಗಿಲ್ಲ, ಸ್ವಚ್ಛ ಮಾಲು.”

ಕರಬಸಪ್ಪನಿಗೆ ತಾನು ಕೇಳಿದ್ದು ಸರಿಯೇ ಎಂಬ ಅನುಮಾನ ಬಂತು. “ಯಾರ ಎಣ್ಣಿ?” ಎಂದ.

“ಕರಬಸಪ್ಪ ಅಂತ, ಹಿರೇಕೆರೂರ ಹತ್ತಿ ಕಂಪನ್ಯಾಗ ಲಾರಿ ನೋಡ್ಕೊಳ್ಳಾವ. ಕಂಪನಿ ಎಣ್ಣಿ ಕದ್ದು ಬೀಗರ ಕಡಿಂದ ಮಾರಸ್ತಾನಂತ. ನಮ್ಮ ಕಡೆ ಎಲ್ಲಾರೂ ಅದನ್ನ ಹಾಕೂದು. ಕಳ್ಳನ ಖರೆ, ಆದ್ರ ಅಳತಿ ಪಕ್ಕಾ ರೀ ಅಂವಂದು,” ಎಂದು ರೈತ ತಾರೀಫು ಮಾಡಿದ.

ಕರಬಸಪ್ಪನ ಕೈಯಲ್ಲಿ ಮಗಳಿಗೆಂದು ತಂದ ಬಳೆಗಳ ಪೊಟ್ಟಣವಿತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಒಳಗೆ ಒಂದೆರಡು ಬಳೆ ಚಟ್ಟೆಂದು ಮುರಿದವು. ನಾನೇ ಆ ಕರಬಸಪ್ಪ ಎಂದು ಹೇಳಹೊರಟು ತಡೆದುಕೊಂಡ. ಹೇಳಿದರೆ ರೈತ ಕೈಮುಗಿದು ಇನ್ನಷ್ಟು ಅಗ್ಗಕ್ಕೆ ಕೊಡಿ ಎಂದು ಕೇಳಿಯಾನು ಎನಿಸಿತು. ಬಂಕಾಪುರದಲ್ಲಿ ಇಳಿದು ಅವನನ್ನು ಮುಂದೆ ಬಿಟ್ಟು ಹಿಂದಿನಿಂದ ನಡೆದ. ರೈತ ಯಾರನ್ನೂ ದಾರಿ ಕೇಳಲಿಲ್ಲ. ಸೀದಾ ಚೌಡಪ್ಪನ ಮನೆಯ ಹಿತ್ತಿಲಿಗೆ ಹೋದ.

ಹಿತ್ತಿಲಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ಪೀಪಾಯಿಗಳಿದ್ದವು. ತುಂಬಿದ ಹೊಟ್ಟೆಯ ಅನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೀಟರಿನ ಅಳತೆ ಪಾತ್ರೆಯಿಂದ ಡಬ್ಬಿಗೆ ಎಣ್ಣೆ ಹೊಯ್ಯುತ್ತಿದ್ದಳು. ಒಂದು ಹನಿ ಚೆಲ್ಲದಂತೆ ಹೊಯ್ಯುವ ಆ ಕೈ ಅವನಿಗೆ ಗುರುತಿತ್ತು. ಮನೆಯಲ್ಲಿ ಹಾಲು ಹೊಯ್ಯುತ್ತಿದ್ದ ಕೈ. ರೈತ ಡಬ್ಬಿ ತುಂಬಿಸಿಕೊಂಡು ಹೋಗುವ ತನಕ ಕರಬಸಪ್ಪ ಗೋಡೆಗೆ ಆತು ನಿಂತಿದ್ದ. ಆಮೇಲೆ ಮಗಳು ತಲೆಯೆತ್ತಿ ಅವನನ್ನು ಕಂಡಳು.

ಹೆದರಿದಳೇ? ಇಲ್ಲ. ಮುಖ ಅರಳಿತು. “ಅಪ್ಪಾ! ನಾಳೆ ಬರ್ತೇನಂದಿದ್ದಿ?” ಎಂದು ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬಂದಳು.

“ಇದೇನವಾ ಅನ್ನಾ?” ಅವನು ಪೀಪಾಯಿಗಳತ್ತ ಕೈ ತೋರಿಸಿದ.

“ಏನು ಅಂದ್ರ?” ಆಕೆ ಪೀಪಾಯಿಗಳ ಕಡೆ ನೋಡಿ ದನಿ ತಗ್ಗಿಸಿದಳು. “ನೀ ಕಳಸಿದ್ದ ಅಲ್ಲೇನಪ್ಪಾ?”

ಕರಬಸಪ್ಪ ಪೀಪಾಯಿಯ ಪಕ್ಕ ನೆಲದ ಮೇಲೇ ಕೂತ. ಅನ್ನವ್ವ ಅವನ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಮೆಲ್ಲಗೆ ಎಲ್ಲ ಹೇಳಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಲಾರಿಯಿಂದ ಎಣ್ಣೆ ಇಳಿಸುವುದನ್ನು ಕಂಡು ಆಕೆ ಗಾಬರಿಯಾಗಿ ಕೇಳಿದ್ದಳು. ಮಾವ ಹೇಳಿದ್ದ: “ಇದು ನಿಮ್ಮಪ್ಪ ನಿನಗ ಕಳಸೂ ಉಡುಗೊರಿ. ಮದಿವ್ಯಾಗ ಏನೂ ಕೊಡಾಕ ಆಗಲಿಲ್ಲಂತ ಅವರಿಗೆ ಮನಸಿಗೆ ಹತ್ತೇತಿ. ಆದ್ರ ಅವರ ಮುಂದ ಇದರ ಮಾತ ತಗೀಬ್ಯಾಡ. ಸಂಭಾವಿತ ಮನಶ್ಯಾ, ಮಗಳ ಮುಂದ ತಲಿ ತಗ್ಗಸೂ ಹಂಗ ಆಕ್ಕೈತಿ.”

“ಆ ದಿನ ನಾ ಭಾಳ ಅತ್ತೆ ಅಪ್ಪಾ,” ಎಂದಳು ಅನ್ನವ್ವ. “ನಮ್ಮಪ್ಪ ಹಿಂಗ ಮಾಡ್ಯಾನೇನು ಅಂತ. ಊಟಾನೂ ಮಾಡಲಿಲ್ಲ. ಆಮ್ಯಾಲ ಅನ್ನಿಸ್ತು, ನನ್ನ ಸಲುವಾಗಿ ಮಾಡ್ಯಾನಲ್ಲಾ, ಬ್ಯಾರೆ ಯಾರ ಸಲುವಾಗಿ ಮಾಡತಿದ್ದ ಅಂತ.”

“ನನಗ ಗೊತ್ತಿರಲಿಲ್ಲವಾ. ನನ್ನ ಆಣಿ.”

ಅನ್ನವ್ವ ಅಪ್ಪನ ಮುಖವನ್ನು ದಿಟ್ಟಿಸಿ ನೋಡಿದಳು. ಆಗಲೇ ಹೊರಗೆ ಲಾರಿಯ ಸದ್ದಾಯಿತು. ಊಟದ ಹೊತ್ತಿಗೆ ಸರಿಯಾಗಿ ಚೌಡಪ್ಪ ಬಂದ.

ಬೀಗನನ್ನು ಹಿತ್ತಿಲಲ್ಲಿ ಕಂಡರೂ ಅವನ ಮುಖದ ಒಂದು ಗೆರೆ ಅಲುಗಲಿಲ್ಲ. “ಓಹೋ, ಬರ್ರಿ ಬೀಗರ! ಕುಂತ್ರಿ, ಮ್ಯಾಲ ಕುಂತ್ರಿ. ಅನ್ನವ್ವಾ, ನೀರ್ ತಾರವಾ,” ಎಂದ. ಆಕೆ ಒಳಗೆ ಹೋದಳು.

ಕರಬಸಪ್ಪ ಎದ್ದು ನಿಂತ. “ನನ್ನ ಹೆಸರ್ಲೆ ಮಾರಾಕತ್ತೀರಿ?”

“ನನ್ನ ಹೆಸರ್ಲೆ ಮಾರಿದ್ರ ಡ್ರೈವರ್ ಕದ್ದದ್ದು ಅಂತ ಪೊಲೀಸರಿಗೆ ಹೇಳತಿದ್ರು. ನಿಮ್ಮ ಹೆಸರ್ ಕೇಳಿ ಎಲ್ಲಾರೂ ಸುಮ್ಮನಿದ್ದಾರ. ಭಾಳ ದೊಡ್ಡ ಹೆಸರ್ರಿ ನಿಮ್ಮದು.”

“ನಾ ಸಾವ್ಕಾರ್ರಿಗೆ ಹೇಳ್ತೇನಿ.”

“ಹೇಳ್ರಿ.” ಚೌಡಪ್ಪ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಂಡ. “ಚೀಟಿ ಮ್ಯಾಲೆಲ್ಲಾ ನಿಮ್ಮ ಸಹಿ ಐತಿ. ಕೋಲ್ ಹಾಕ್ರಿ ಅಂತ ನಾಲ್ಕ ಮಂದಿ ಮುಂದ ಅಂದಾವ ನಾ. ಹಾಕದ ಬಿಟ್ಟಾವ್ರು ನೀವು. ನಾ ಒಬ್ಬನ ಕದ್ದೇನಂದ್ರ ಯಾರ್ ನಂಬ್ತಾರ್ರಿ? ನಿಮ್ಮ ಮಗಳ ಸೈತ ನಂಬಿಲ್ಲ.”

ಕರಬಸಪ್ಪನಿಗೆ ಆಗ ಹೊಸ ಪಟಗದ ಆ ದಿನ ನೆನಪಾಯಿತು. ಬಂಗಾರ ಬೇಡ, ರೊಕ್ಕ ಬೇಡ. “ಖರೆ ಹೇಳ್ರಿ,” ಎಂದ. “ಹೆಣ್ಣ ಕೇಳಾಕ ಬಂದಾಗನ ಇದು ಮನಸ್ನಾಗ ಇತ್ತೇನು? ನನ್ನ ಮಗಳನ್ನ ನೀವು ಕೋಲಿನ ಸಲುವಾಗಿ ತಗೊಂಡ್ರೇನು?”

ಚೌಡಪ್ಪ ಪಟಗ ಬಿಚ್ಚಿ ಮುಖ ಒರೆಸಿಕೊಂಡು, “ಊಟಕ್ಕ ಏಳ್ರಿ ಬೀಗರ, ಆರಿ ಹೊಕ್ಕೈತಿ,” ಎಂದು ಒಳಗೆ ಹೋದ.

ಕರಬಸಪ್ಪ ಆ ಮನೆಯ ನೀರನ್ನೂ ಮುಟ್ಟಲಿಲ್ಲ. ಮಗಳನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದ. ಎಂಥ ದ್ರೋಹ! ಕದ್ದಿದ್ದರೆ ಕದ್ದುಕೊಳ್ಳಲಿ, ಕಂಪನಿ ಮುಳುಗುತ್ತಿರಲಿಲ್ಲ. ತನ್ನ ಹೆಸರನ್ನು ಕದ್ದು, ಅದನ್ನು ಎಣ್ಣೆಯ ಜೊತೆಗೆ ಲೀಟರ್ ಲೆಕ್ಕದಲ್ಲಿ ಮಾರಿ, ಮಗಳ ಕೈಯಿಂದಲೇ ಅಳೆಸಿದನಲ್ಲ. ಹಾವೇರಿ ದಾಟಿದ ಮೇಲೆ ಅನ್ನವ್ವ ಬಾಯಿಬಿಟ್ಟಳು.

“ಸಾವ್ಕಾರ್ರ ಮುಂದ ಹೇಳಬ್ಯಾಡಪ್ಪಾ. ನಮ್ಮ ಮನಿಯವರನ್ನೂ ಹಿಡಕೊಂಡ ಹೊಕ್ಕಾರ. ನಾ ಎಲ್ಲಿಗೆ ಹೋಗ್ಲಿ?”

ಕರಬಸಪ್ಪ ಕಿಟಕಿಯಿಂದ ಹೊರಗೆ ನೋಡಿದ. ಹೇಳದಿದ್ದರೆ ಮಗಳ ಸಂಸಾರ ಉಳಿಯುತ್ತದೆ. ಆದರೆ ಹೇಳದೆ ಸುಮ್ಮನಾದರೆ ಚೌಡಪ್ಪ ಹೇಳಿದ್ದೇ ನಿಜವಾಗುತ್ತದೆ, ಅನ್ನವ್ವ ನಂಬಿದ್ದೇ ನಿಜವಾಗುತ್ತದೆ. ಹೇಳಿದರಾದರೂ ಆಕೆಗೆ ತಿಳಿದೀತು, ಕಳ್ಳನಾಗಿದ್ದರೆ ಯಾರೂ ತಾವಾಗಿ ಹೋಗಿ ಹೇಳುವುದಿಲ್ಲ ಎಂದು. ಅದೊಂದೇ ಆಸೆ ಅವನಿಗೆ. ಮಗಳನ್ನು ಮನೆಯ ಬಾಗಿಲಿಗೆ ಬಿಟ್ಟವನು ಚಪ್ಪಲಿ ಕೂಡ ಬಿಡದೆ ಸಾಹುಕಾರರ ಮನೆಗೆ ನಡೆದ.

ಸಾಹುಕಾರರು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲೆಗೆ ಸುಣ್ಣ ಸವರುತ್ತ, “ಪೊಲೀಸ್ ಕಂಪ್ಲೇಂಟ್ ಬ್ಯಾಡ. ನಿನ್ನ ಮಗಳು ಬಸುರಿ ಅದಾಳ. ಚೌಡಪ್ಪನೂ ಬ್ಯಾಡ, ನೀನೂ ಬ್ಯಾಡ,” ಎಂದರು.

“ನನಗ ಖರೇನ ಗೊತ್ತಿರಲಿಲ್ಲರಿ ಧಣಿ.”

“ಇರಬಹುದು. ಆದ್ರ ಕೋಲು ನಿನ್ನ ಕೈಯಾಗ ಇತ್ತು.”

ಶಹಾಬುದ್ದೀನನನ್ನಾದರೂ ವಾಪಸು ಕರೆಸಿಕೊಳ್ಳಿ, ಅವನದು ತಪ್ಪಿಲ್ಲ ಎಂದು ಕರಬಸಪ್ಪ ಕೇಳಿಕೊಂಡ. ಸಾಹುಕಾರರು ಆಗಲಿ ಎಂದರು. ಆ ಒಂದು ಮಾತಿನ ಬಲದ ಮೇಲೆ ಅವನು ಮನೆಗೆ ಬಂದ. ಪೇಟೆಯ ಬೀದಿ ಹಿಡಿಯಲಿಲ್ಲ.

ಶಾರವ್ವನ ಮುಂದೆ ಎಲ್ಲ ಹೇಳಿಕೊಂಡ. ಆಕೆ ಚೌಡಪ್ಪನ ವಂಶಕ್ಕೆಲ್ಲ ಹಿಡಿಶಾಪ ಹಾಕಿದಳು. ಅಡುಗೆ ಮನೆಯ ಮೂಲೆಯಲ್ಲಿ ಕೂತು ಸೆರಗಿನಿಂದ ಮೂಗೊರೆಸಿಕೊಂಡು ಅತ್ತಳು. “ನನ್ನ ದೇವರಂಥಾ ಗಂಡಗ ಹಿಂಗ ಮಾಡಿದ್ನಲ್ಲಾ ಭಾಡ್ಕೋ,” ಎಂದು ಮತ್ತೆ ಮತ್ತೆ ಅಂದಳು. ಕರಬಸಪ್ಪನಿಗೆ ಎಷ್ಟೋ ಸಮಾಧಾನವಾಯಿತು. ಹೊರಗೆ ಬಂದು ಜಗಲಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅನ್ನವ್ವ ಚಹಾ ತಂದು ಕೊಟ್ಟು, ಪಕ್ಕದಲ್ಲಿ ಕೂತಳು.

“ನೌಕರಿ ಹೋತೇನಪ್ಪಾ?”

“ಹೋತವಾ. ಹೋಗ್ಲಿ. ನಾನ ಹೋಗಿ ಹೇಳಿದೆ. ಈಗರೆ ನಿನಗ ನಂಬಿಕಿ ಬಂತೇನು? ನನಗ ಏನೂ ಗೊತ್ತಿರಲಿಲ್ಲ ಅನ್ನಾ.”

“ಹೂಂ ಅಪ್ಪಾ,” ಎಂದಳು ಅನ್ನವ್ವ. ಜ್ವರ ಬಂದ ಮಗುವಿಗೆ ಹೂಂ ಎನ್ನುವ ದನಿ. ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಇನ್ನೂ ಡೀಸೆಲ್ ವಾಸನೆ ಇತ್ತು.

“ಎಲ್ಲಾ ನನ್ನ ಸಲುವಾಗಿ ಮಾಡಿದಿ, ನನಗ ಗೊತ್ತೈತಿ. ನಾ ನಿನ್ನ ಎಂದೂ ಸಣ್ಣವನ ಮಾಡಂಗಿಲ್ಲ,” ಎಂದು ಅಡುಗೆ ಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. “ಅವ್ವ ಮಾತ್ರ ನೀ ಹೇಳಿದ್ದನ್ನ ನಂಬ್ಯಾಳ ಅಪ್ಪಾ. ಪಾಪ, ಹಂಗ ಇರ್ಲಿ ಬಿಡು. ನಾ ಆಕಿ ಮುಂದ ಏನೂ ಹೇಳಂಗಿಲ್ಲ.”

ಒಳಗೆ ಶಾರವ್ವ ಇನ್ನೂ ಬೀಗನನ್ನು ಬೈಯುತ್ತಲೇ ಇದ್ದಳು. ಕರಬಸಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟ.